ನಿಧಾನ ಹೋದಾಗಲೇ ಮಂಕಾಗುವ ಹೆಡ್‌ಲೈಟು: ಹಳೆಯ ಸ್ಪ್ಲೆಂಡರ್‌ಗೆ ಎಲ್‌ಇಡಿ ಪವರ್ ಸಪ್ಲೈ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನನ್ನ ಹತ್ತಿರ 2006ರ ಸ್ಪ್ಲೆಂಡರ್ ಪ್ಲಸ್ ಇದೆ. ಅಡಿಕೆ ಸುಲಿತದ ದಿನಗಳಲ್ಲಿ ಮನೆಗೆ ಬರುವುದು ರಾತ್ರಿ ತಡವಾಗುತ್ತದೆ. ಮಣ್ಣು ರಸ್ತೆಯಲ್ಲಿ ನಿಧಾನ ಬರುವಾಗ ಹೆಡ್‌ಲೈಟು ಮಂಕಾಗಿ ಏನೂ ಕಾಣುವುದಿಲ್ಲ. ಎಲ್‌ಇಡಿ ಬಲ್ಬ್ ಹಾಕಿಸಿದೆ. ಐಡ್ಲಿಂಗ್‌ನಲ್ಲಿ ಮಿಣುಕುತ್ತಿತ್ತು, ಕೆಲವೇ ವಾರದಲ್ಲಿ ಸುಟ್ಟಿತು. ಎರಡನೆಯದಕ್ಕೂ ಅದೇ ಗತಿ. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದ್ದೇನೆ, ಬೆಸುಗೆ ಹಾಕಲು ಬರುತ್ತದೆ. ಎಲ್‌ಇಡಿಗೆ ಸರಿಯಾದ ಪವರ್ ಸಪ್ಲೈ ನಾನೇ ಮಾಡಿಕೊಳ್ಳಬಹುದೇ? ಸುಮ್ನೆ ಬ್ಯಾಟರಿಯಿಂದ ನೇರ ಲೈನ್ ಕೊಟ್ಟರೆ ಆಗುವುದಿಲ್ಲವೇ?

ಉತ್ತರ: ಖಂಡಿತ ಮಾಡಿಕೊಳ್ಳಬಹುದು. ನಿಮಗೆ ಬೆಸುಗೆ ಬರುತ್ತದೆ ಅಂದರೆ ಅರ್ಧ ಕೆಲಸ ಆದಂತೆಯೇ. ಆದರೆ ಎಲ್‌ಇಡಿ ಯಾವುದು, ಐಸಿ (ಚಿಪ್) ಯಾವುದು ಎಂಬಲ್ಲಿಂದ ಶುರು ಮಾಡಬೇಡಿ. ಮೊದಲು ನಿಮ್ಮ ಗಾಡಿಯ ಮ್ಯಾಗ್ನೆಟ್ ಕಾಯಿಲ್ (ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ತಂತಿ ಸುರುಳಿ) ಏನು ಕೊಡುತ್ತದೆ ಎಂದು ನೋಡಿ. ಅದು ಐಡ್ಲಿಂಗ್‌ನಲ್ಲಿ ತೀರಾ ಬಡಪಾಯಿ. ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟ ದಿನ ಅದೇ ಕಾಯಿಲ್ ಹುಚ್ಚು ಹಿಡಿದಂತೆ ವೋಲ್ಟೇಜ್ ಏರಿಸುತ್ತದೆ. ಈ ಎರಡು ತುದಿಗೂ ಹೊಂದಿಕೊಳ್ಳುವ ಸಪ್ಲೈ ಮಾಡಿದರೆ ನಡುವಿನದೆಲ್ಲ ತಾನಾಗಿ ಸರಿಹೋಗುತ್ತದೆ. ಅಂಗಡಿಯ ಬಲ್ಬ್ ಸುಟ್ಟಿದ್ದು ಅದು ಈ ಎರಡರಲ್ಲಿ ಯಾವುದಕ್ಕೂ ತಯಾರಾಗಿಲ್ಲದ ಕಾರಣಕ್ಕೆ.

ನಿಮ್ಮ ಗಾಡಿಯಲ್ಲಿ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ. ಹೋಂಡಾ ಮೂಲದ ಈ ಸಣ್ಣ ಎಂಜಿನ್‌ಗಳಲ್ಲಿ ಮ್ಯಾಗ್ನೆಟ್ ಒಳಗೆ ಒಂದೇ ಕಾಯಿಲ್‌ನಿಂದ ಎರಡು ತಂತಿ ಹೊರಬರುತ್ತವೆ. ಬಿಳಿ ತಂತಿ ಬ್ಯಾಟರಿ ಚಾರ್ಜ್ ಮಾಡಲು, ಹಳದಿ ತಂತಿ ಲೈಟಿಗೆ. ಕಾಯಿಲ್‌ನ ಇನ್ನೊಂದು ತುದಿ ಎಂಜಿನ್ ಬಾಡಿಗೇ ಸೇರಿರುತ್ತದೆ. ನಾಲ್ಕು ಪಿನ್ನಿನ ರೆಕ್ಟಿಫೈಯರ್‌ಗೆ (ಎಸಿಯನ್ನು ಡಿಸಿ ಮಾಡುವ ಡಬ್ಬಿ, ರೆಗ್ಯುಲೇಟರ್ ಇರುವುದೂ ಇದರೊಳಗೇ) ಈ ಬಿಳಿ, ಹಳದಿ ಎರಡೂ ಹೋಗುತ್ತವೆ. ಅದರ ಕೆಂಪು ಬ್ಯಾಟರಿಗೆ, ಹಸಿರು ಬಾಡಿಗೆ. ಎಸಿ ಅಲೆಯ ಒಂದು ಅರ್ಧದಲ್ಲಿ ಬ್ಯಾಟರಿ ತನ್ನ ಪಾಲು ಎಳೆದುಕೊಳ್ಳುತ್ತದೆ. ಇನ್ನೊಂದು ಅರ್ಧದಲ್ಲಿ ವೋಲ್ಟೇಜ್ ಜಾಸ್ತಿಯಾದಾಗ ರೆಗ್ಯುಲೇಟರ್ ಒಳಗಿನ ಎಸ್‌ಸಿಆರ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಕಾಯಿಲ್ಲನ್ನೇ ಬಾಡಿಗೆ ಶಾರ್ಟ್ ಮಾಡಿ ಮಟ್ಟ ಹಿಡಿಯುತ್ತದೆ. ಹೀಗಾಗಿ ಹಳದಿ ತಂತಿಯಲ್ಲಿ ಸಿಗುವುದು ಪಾಠದ ಪುಸ್ತಕದ ಚಂದದ ಸೈನ್ ಅಲೆ ಅಲ್ಲ. ಒಂದು ಕಡೆ ಕತ್ತರಿಸಿದ, ಇನ್ನೊಂದು ಕಡೆ ಚಪ್ಪಟೆಯಾದ, ಎರಡು ಅರ್ಧ ಸಮ ಇಲ್ಲದ ಅಲೆ.

ನಿಧಾನ ಹೋದಾಗ ಮಂಕಾಗುವುದು ಇಲ್ಲಿಂದಲೇ. ಎಂಜಿನ್ ನಿಧಾನವಾದರೆ ಕಾಯಿಲ್‌ನ ವೋಲ್ಟೇಜ್ ಇಳಿಯುತ್ತದೆ. ತಂತಿ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರ ಲೆಕ್ಕದಲ್ಲಿ ಇಳಿಯುವುದಿಲ್ಲ, ಸರಿಸುಮಾರು ವೋಲ್ಟೇಜಿನ 3.4ನೇ ಘಾತದ ಲೆಕ್ಕದಲ್ಲಿ ಬಿದ್ದುಹೋಗುತ್ತದೆ. 13.2 ವೋಲ್ಟ್ ಸಿಗಬೇಕಾದ ಕಡೆ 9 ವೋಲ್ಟ್ ಸಿಕ್ಕಿದರೆ ಬೆಳಕು ಉಳಿಯುವುದು ಕಾಲು ಭಾಗ ಮಾತ್ರ. ಈ ಗಾಡಿಗಳ ಎಚ್‌ಎಸ್1 ಮಾದರಿಯ 35 ವ್ಯಾಟ್ ಹ್ಯಾಲೊಜೆನ್ ಬಲ್ಬಿಗೆ 13.2 ವೋಲ್ಟ್‌ನಲ್ಲಿ ನಿಗದಿಯಾದ ಬೆಳಕು ಡಿಮ್‌ನಲ್ಲಿ 525 ಲ್ಯೂಮೆನ್, ಬ್ರೈಟ್‌ನಲ್ಲಿ 825 ಲ್ಯೂಮೆನ್. ಅದರ ಕಾಲು ಭಾಗದಲ್ಲಿ, ಮಳೆ ಬಿದ್ದು ಕಪ್ಪಾದ ಮಣ್ಣು ರಸ್ತೆಯ ಗುಂಡಿ ಕಾಣುವುದಾದರೂ ಹೇಗೆ? ನಿಮ್ಮ ಕಣ್ಣಿನ ತಪ್ಪೇನೂ ಇಲ್ಲ.

ಎಲ್‌ಇಡಿ ಮಿಣುಕಿದ್ದಕ್ಕೆ ಕಾರಣ ಬೇರೆ. ಐಡ್ಲಿಂಗ್ ನಿಮಿಷಕ್ಕೆ ಸುಮಾರು 1400 ಸುತ್ತು ಎಂದುಕೊಳ್ಳಿ. ಮ್ಯಾಗ್ನೆಟ್‌ನಲ್ಲಿ ಮೂರು ಜೋಡಿ ಧ್ರುವ ಇದ್ದರೆ ಸೆಕೆಂಡಿಗೆ 70 ಅಲೆ, ನಾಲ್ಕು ಜೋಡಿ ಇದ್ದರೆ 93. ತಂತಿ ಬಲ್ಬಿನ ಫಿಲಮೆಂಟ್ ಅಷ್ಟರಲ್ಲಿ ಆರುವುದಿಲ್ಲ, ಬಿಸಿ ಉಳಿದಿರುತ್ತದೆ. ಎಲ್‌ಇಡಿಗೆ ಆ ನೆನಪಿಲ್ಲ. ಕರೆಂಟು ನಿಂತ ಕ್ಷಣ ಕತ್ತಲೆ. ಅಲೆಯ ಅರ್ಧ ಮಾತ್ರ ಸಿಕ್ಕಿದರೆ ಅದು ಸೆಕೆಂಡಿಗೆ 70 ಸಲ ಹತ್ತಿ ಆರುತ್ತದೆ, ಎಂಜಿನ್ ಸ್ವಲ್ಪ ಏರುಪೇರಾದರೂ ಕಣ್ಣಿಗೆ ಹೊಡೆಯುತ್ತದೆ. 'ಡಿಸಿ 12 ವೋಲ್ಟ್' ಎಂದು ಮಾರುವ ಬಲ್ಬುಗಳಲ್ಲಿ ಇದನ್ನು ತಡೆಯುವಷ್ಟು ದೊಡ್ಡ ಕೆಪಾಸಿಟರ್‌ಗೆ (ಚಾರ್ಜ್ ಕೂಡಿಟ್ಟು ನಡುನಡುವೆ ಕೊಡುವ ಭಾಗ) ಜಾಗವೇ ಇರುವುದಿಲ್ಲ.

ಈಗ ಬ್ಯಾಟರಿಯ ಮಾತು. ನಿಮ್ಮ ಗಾಡಿಯ ಬ್ಯಾಟರಿ 2.5 ಆಂಪಿಯರ್ ಅವರ್‌ನದು. ಇಂಡಿಕೇಟರ್, ಹಾರ್ನ್, ಬ್ರೇಕ್ ಲೈಟು ನೋಡಿಕೊಳ್ಳಲಿ ಎಂದು ಕೊಟ್ಟಿದ್ದು. 10 ವ್ಯಾಟ್‌ನ ಎಲ್‌ಇಡಿ ಅದರಿಂದ ಸುಮಾರು 0.9 ಆಂಪಿಯರ್ ಎಳೆಯುತ್ತದೆ. ವೇಗದಲ್ಲಿ ಹೋದರೆ ಚಾರ್ಜಿಂಗ್ ಸರಿದೂಗಿಸೀತು. ಆದರೆ ನೀವು ಹೋಗುವುದೇ ಒಂದು, ಎರಡನೇ ಗೇರಿನಲ್ಲಿ. ಅಲ್ಲಿ ಅರ್ಧ ಅಲೆಯ ಚಾರ್ಜಿಂಗ್‌ನಿಂದ ಬರುವುದು ಬಹಳ ಕಡಿಮೆ. ದಿನವೂ ಹೀಗೆ ಬ್ಯಾಟರಿ ಬರಿದು ಮಾಡಿದರೆ ಲೆಡ್ ಆಸಿಡ್ ಬ್ಯಾಟರಿ ಬೇಗ ಸಾಯುತ್ತದೆ. ಜೊತೆಗೆ ಹಾರ್ನೂ ಹೋಗುತ್ತದೆ, ತಿರುವಿನ ರಸ್ತೆಯಲ್ಲಿ ಹಾರ್ನ್ ಇಲ್ಲದಿದ್ದರೆ ಹೆಡ್‌ಲೈಟು ಇಲ್ಲದಷ್ಟೇ ಅಪಾಯ. ಹಾಗಾಗಿ ನೇರ ಬ್ಯಾಟರಿ ಲೈನ್ ಬೇಡ.

ಇನ್ನೊಂದು ದಾರಿಯನ್ನು ನಿಮ್ಮ ಮೆಕ್ಯಾನಿಕ್ ಹೇಳಿರಬಹುದು: 'ಫುಲ್ ಡಿಸಿ' ಮಾಡಿಸುವುದು. ಅಂದರೆ ಮ್ಯಾಗ್ನೆಟ್ ಕವರ್ ಬಿಚ್ಚಿ, ಕಾಯಿಲ್‌ನ ಬಾಡಿಗೆ ಸೇರಿದ ತುದಿಯನ್ನು ಕಿತ್ತು, ಬೇರೆ ತಂತಿ ಎಳೆದು, ಎರಡೂ ಅರ್ಧ ಅಲೆ ಬಳಸುವ ಡಿಸಿ ರೆಕ್ಟಿಫೈಯರ್ ಹಾಕಿ, ಎಲ್ಲ ಲೈಟನ್ನೂ ಬ್ಯಾಟರಿ ಲೈನಿಗೆ ತರುವುದು. ಚೆನ್ನಾಗಿ ಮಾಡಿದರೆ ಒಳ್ಳೆಯ ಕೆಲಸವೇ. ಆದರೆ ಅದೇ ಪ್ಲೇಟಿನ ಮೇಲೆ ಸಿಡಿಐಗೆ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವ ಘಟಕ) ಕರೆಂಟು ಕೊಡುವ ಕಾಯಿಲ್ ಕೂಡ ಇರುತ್ತದೆ, ಅದರ ಅರ್ಥ್ ಬಾಡಿಯಲ್ಲೇ ಉಳಿಯಬೇಕು. ಗಡಿಬಿಡಿಯಲ್ಲಿ ಅದನ್ನೂ ಎತ್ತಿದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಎಣ್ಣೆ, ಬಿಸಿ, ಅದುರಾಟ ಇರುವ ಕಡೆ ಹೊಸ ಬೆಸುಗೆ ಬಹಳ ದಿನ ನಿಲ್ಲಬೇಕು. ನಿಮಗೆ ಬೇಕಿರುವುದು ಒಂದು ಒಳ್ಳೆಯ ಹೆಡ್‌ಲೈಟು ಮಾತ್ರ. ಅಷ್ಟಕ್ಕೆ ಎಂಜಿನ್ ಪಕ್ಕ ಬಿಚ್ಚುವ ಅಗತ್ಯ ಇಲ್ಲ ಎಂಬುದು ನನ್ನ ಅಭಿಪ್ರಾಯ. ಹಳದಿ ತಂತಿಯ ಎಸಿಯನ್ನೇ ಬಳಸೋಣ.

ಲೆಕ್ಕಕ್ಕೆ ಬರೋಣ. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಬ್ರಿಡ್ಜ್ ರೆಕ್ಟಿಫೈಯರ್, ಕೆಪಾಸಿಟರ್, ಅದರ ಮುಂದೆ ಕರೆಂಟನ್ನು ಸ್ಥಿರವಾಗಿ ಇಡುವ ಸ್ವಿಚಿಂಗ್ ಡ್ರೈವರ್, ಕೊನೆಗೆ ಎಲ್‌ಇಡಿ. ಇಷ್ಟೇ ಸಾಲು. ಇದರಲ್ಲಿ ಮೊದಲು ತೀರ್ಮಾನ ಮಾಡಬೇಕಾದ್ದು ಎಷ್ಟು ಎಲ್‌ಇಡಿಯನ್ನು ಸಾಲಾಗಿ ಜೋಡಿಸುವುದು ಎಂಬುದು. ಬಿಳಿ ಎಲ್‌ಇಡಿ ಒಂದಕ್ಕೆ ಸುಮಾರು 3.1 ವೋಲ್ಟ್. ಮೂರು ಸಾಲಾದರೆ 9.3 ವೋಲ್ಟ್. ಐಡ್ಲಿಂಗ್‌ನಲ್ಲಿ ನಮ್ಮ ಹತ್ತಿರ ಇರುವುದೇ ಅಷ್ಟು, ವೋಲ್ಟೇಜ್ ಇಳಿಸಿ ಕೊಡುವ ಬಕ್ ಡ್ರೈವರ್‌ಗೆ ಇನ್‌ಪುಟ್ ಯಾವಾಗಲೂ ಔಟ್‌ಪುಟ್‌ಗಿಂತ ಒಂದೂವರೆ ವೋಲ್ಟಾದರೂ ಜಾಸ್ತಿ ಬೇಕು. ಆರು ಸಾಲಾಗಿ ಹಾಕಿ ವೋಲ್ಟೇಜ್ ಏರಿಸುವ ಬೂಸ್ಟ್ ಡ್ರೈವರ್ ಬಳಸುತ್ತೇನೆ ಎಂದು ನಿಮಗೆ ಅನಿಸಬಹುದು, ಕಡಿಮೆ ವೋಲ್ಟೇಜಿನಲ್ಲೂ ಉರಿಯುತ್ತದಲ್ಲ ಎಂದು. ದಯವಿಟ್ಟು ಬೇಡ. ಬೂಸ್ಟ್‌ನಲ್ಲಿ ಇನ್‌ಪುಟ್‌ನಿಂದ ಎಲ್‌ಇಡಿವರೆಗೆ ಡ್ರೈವರ್‌ನದೇ ಇಂಡಕ್ಟರ್ (ಸಣ್ಣ ಕಾಯಿಲ್) ಮತ್ತು ಡಯೋಡ್ ಮೂಲಕ ಯಾವಾಗಲೂ ತೆರೆದ ದಾರಿ ಇರುತ್ತದೆ. ರೆಗ್ಯುಲೇಟರ್ ಕೆಟ್ಟು ಇನ್‌ಪುಟ್ ವೋಲ್ಟೇಜ್ ಎಲ್‌ಇಡಿ ಸಾಲಿನ ವೋಲ್ಟೇಜ್ ದಾಟಿದರೆ ಐಸಿ ಏನೂ ಮಾಡಲಾಗದೆ ನಿಂತಿರುತ್ತದೆ, ಎಲ್‌ಇಡಿ ಸುಡುತ್ತದೆ. ಬಕ್‌ನಲ್ಲಿ ಆ ದಾರಿಯ ಮೇಲೆ ಸ್ವಿಚ್ ಇದೆ.

ಆದ್ದರಿಂದ ಎರಡೇ ಎಲ್‌ಇಡಿ ಸಾಲಾಗಿ, ಬಕ್ ಡ್ರೈವರ್, 1.5 ಆಂಪಿಯರ್. 6.2 ವೋಲ್ಟ್ ಗುಣಿಸು 1.5 ಅಂದರೆ 9.3 ವ್ಯಾಟ್. 3 ಆಂಪಿಯರ್ ತಡೆಯುವ ದೊಡ್ಡ ಎಲ್‌ಇಡಿ ತೆಗೆದುಕೊಂಡು ಅರ್ಧ ಕರೆಂಟಿನಲ್ಲಿ ಓಡಿಸಿ. ವ್ಯಾಟ್‌ಗೆ 100 ಲ್ಯೂಮೆನ್ ಎಂದರೂ 900ಕ್ಕೂ ಮೇಲೆ ಸಿಗುತ್ತದೆ. ಲೆನ್ಸಿನಲ್ಲಿ ಒಂದಿಷ್ಟು ಹೋದರೂ ಹ್ಯಾಲೊಜೆನ್ ತನ್ನ ಪೂರ್ಣ ವೋಲ್ಟೇಜಿನಲ್ಲಿ ಡಿಮ್‌ನಲ್ಲಿ ಕೊಡುತ್ತಿದ್ದಷ್ಟು ಬೆಳಕು ರಸ್ತೆಗೆ ಬೀಳುತ್ತದೆ. ದೊಡ್ಡ ಸಂಗತಿ ಏನೆಂದರೆ, ಐಡ್ಲಿಂಗ್‌ನಲ್ಲೂ ಅಷ್ಟೇ ಬೀಳುತ್ತದೆ. 40 ವ್ಯಾಟ್, 60 ವ್ಯಾಟ್ ಎಂದು ಬರೆದ ಬಲ್ಬುಗಳ ಹಿಂದೆ ಹೋಗಬೇಡಿ. ಕಾಯಿಲ್‌ಗೆ ಅದು ಭಾರ, ಎದುರಿನವರ ಕಣ್ಣಿಗೂ ಹಿಂಸೆ.

ಐಡ್ಲಿಂಗ್‌ನಲ್ಲಿ ಸಾಲುತ್ತದೆಯೇ? ಮೂರು ವಿಷಯ ನಮ್ಮ ಪರವಾಗಿವೆ. ಕಾಯಿಲ್ ಒಳಗಿನ ಅಡೆತಡೆಯಿಂದಾಗಿ ಜಾಸ್ತಿ ಎಳೆದಷ್ಟೂ ವೋಲ್ಟೇಜ್ ಕುಸಿಯುತ್ತದೆ. 35 ವ್ಯಾಟ್‌ನ ಬಲ್ಬಿನ ಜಾಗದಲ್ಲಿ ಸುಮಾರು 11 ವ್ಯಾಟ್ ಮಾತ್ರ ಎಳೆದರೆ ಅದೇ ವೇಗದಲ್ಲಿ ವೋಲ್ಟೇಜ್ ಮೇಲೇ ನಿಲ್ಲುತ್ತದೆ. ಎರಡನೆಯದು, ಕೆಪಾಸಿಟರ್ ತುಂಬುವುದು ಅಲೆಯ ತುದಿಯವರೆಗೆ. 9 ವೋಲ್ಟ್ ಎಸಿಯ ತುದಿ 12.7 ವೋಲ್ಟ್. ಬ್ರಿಡ್ಜ್‌ನಲ್ಲಿ 1.2 ಕಳೆದರೂ 11.5 ಉಳಿಯುತ್ತದೆ. ಮೂರನೆಯದು, ಡ್ರೈವರ್‌ಗೆ 8 ವೋಲ್ಟ್ ಇದ್ದರೂ ಸಾಕು. ಇಲ್ಲಿ ಬ್ರಿಡ್ಜ್‌ಗೆ ಸಾಮಾನ್ಯ ಸಿಲಿಕಾನ್ ಡಯೋಡ್ ಬೇಡ, 5 ಆಂಪಿಯರ್, 100 ವೋಲ್ಟ್‌ನ ಶಾಟ್ಕಿ ಡಯೋಡ್ ನಾಲ್ಕು ಹಾಕಿ. ಐಡ್ಲಿಂಗ್‌ನಲ್ಲಿ ಉಳಿಸಿದ ಒಂದೊಂದು ಅರ್ಧ ವೋಲ್ಟ್ ಕೂಡ ಲಾಭವೇ.

ಕೆಪಾಸಿಟರ್ ಲೆಕ್ಕವನ್ನು ಎರಡೂ ಅರ್ಧ ಅಲೆ ಸಿಗುತ್ತದೆ ಎಂದುಕೊಂಡು ಮಾಡಬೇಡಿ. ನಮ್ಮ ಅಲೆ ಸೊಟ್ಟ ಎಂದು ಮೊದಲೇ ನೋಡಿದೆವು, ಆದ್ದರಿಂದ ಒಂದೇ ಅರ್ಧ ಸಿಗುತ್ತದೆ ಎಂದುಕೊಳ್ಳಿ. 70 ಹರ್ಟ್ಸ್‌ನಲ್ಲಿ ಒಂದು ಪೂರ್ತಿ ಅಲೆ 14 ಮಿಲಿಸೆಕೆಂಡ್. ಅದರಲ್ಲಿ 10 ಮಿಲಿಸೆಕೆಂಡ್ ಕೆಪಾಸಿಟರ್ ಒಂದೇ ಹೊರೆ ಹೊರಬೇಕು. ಡ್ರೈವರ್ ಎಳೆಯುವುದು 10.7 ವ್ಯಾಟ್, ಅಂದರೆ ಆ ಹೊತ್ತಿಗೆ 0.107 ಜೂಲ್. 11.5 ವೋಲ್ಟ್‌ನಿಂದ 8ಕ್ಕೆ ಇಳಿಯಲು ಬಿಟ್ಟರೆ ಬೇಕಾಗುವುದು ಸುಮಾರು 3150 ಮೈಕ್ರೊಫ್ಯಾರಡ್. 2200ರ ಎರಡನ್ನು ಪಕ್ಕಪಕ್ಕ (ಪ್ಯಾರಲಲ್) ಹಾಕಿದರೆ 4400 ಆಯಿತು, ವಯಸ್ಸಾಗಿ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ. 50 ವೋಲ್ಟ್, 105 ಡಿಗ್ರಿಯದೇ ತೆಗೆದುಕೊಳ್ಳಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 25 ವೋಲ್ಟ್, 85 ಡಿಗ್ರಿಯದು ಅಗ್ಗಕ್ಕೆ ಸಿಗುತ್ತದೆ, ಆದರೆ ಈ ಕೆಲಸಕ್ಕೆ ಅದು ಬಾರದು. ಹತ್ತು ಡಿಗ್ರಿ ಬಿಸಿ ಜಾಸ್ತಿಯಾದರೆ ಈ ಜಾತಿಯ ಕೆಪಾಸಿಟರ್ ಆಯುಷ್ಯ ಅರ್ಧವಾಗುತ್ತದೆ.

ಡ್ರೈವರ್ ಐಸಿಗೆ ಹಲವು ಆಯ್ಕೆಗಳಿವೆ. ಅಗ್ಗದ ಮಾಡ್ಯೂಲ್‌ಗಳಲ್ಲಿ ಸಿಗುವ ಪಿಟಿ4115 ಕೆಟ್ಟ ಐಸಿ ಅಲ್ಲ. 6ರಿಂದ 30 ವೋಲ್ಟ್, 1.2 ಆಂಪಿಯರ್‌ವರೆಗೆ ಬರುತ್ತದೆ. ಕರೆಂಟು ಅಳೆಯುವ 0.1 ಓಮ್ ಸೆನ್ಸ್ ರೆಸಿಸ್ಟರ್ ಹಾಕಿದರೆ 1 ಆಂಪಿಯರ್. ಸುಲಭಕ್ಕೆ ಅದರಿಂದಲೇ ಶುರು ಮಾಡುವುದಾದರೆ ಮಾಡಿ, ಆದರೆ 30 ವೋಲ್ಟ್‌ನ ಮಿತಿ ನನಗೆ ಈ ಗಾಡಿಗೆ ಸಾಲದು ಅನಿಸುತ್ತದೆ. ನಾನು ಆರಿಸುವುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಲ್‌ಎಂ3409ಎಚ್‌ವಿ. 75 ವೋಲ್ಟ್‌ವರೆಗೆ ತಡೆಯುತ್ತದೆ. ಹೊರಗೆ ಒಂದು ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್ಚಿನ ಕೆಲಸ ಮಾಡುವ ಟ್ರಾನ್ಸಿಸ್ಟರ್) ಬೇಕು, 100 ವೋಲ್ಟ್‌ನದು ಹಾಕಿ. 0.15 ಓಮ್ ಸೆನ್ಸ್ ರೆಸಿಸ್ಟರ್‌ನಿಂದ ತುದಿಯ ಕರೆಂಟು 1.65 ಆಂಪಿಯರ್, 47 ಮೈಕ್ರೊಹೆನ್ರಿ ಇಂಡಕ್ಟರ್ ಜೊತೆ 300 ಕಿಲೊಹರ್ಟ್ಸ್ ಆಸುಪಾಸಿನಲ್ಲಿ ಸರಾಸರಿ 1.5ರ ಹತ್ತಿರ ಬರುತ್ತದೆ. ಇಂಡಕ್ಟರ್ ಕನಿಷ್ಠ 2.5 ಆಂಪಿಯರ್‌ವರೆಗೆ ಸ್ಯಾಚುರೇಟ್ ಆಗಬಾರದು.

ಇನ್ನು ಈ ಇಡೀ ಉತ್ತರದಲ್ಲಿ ನೀವು ಎರಡು ಸಲ ಓದಬೇಕಾದ ಭಾಗ. ಸ್ಥಿರ ಕರೆಂಟಿನ ಡ್ರೈವರ್‌ಗೆ ಒಂದು ವಿಚಿತ್ರ ಗುಣ ಇದೆ. ಅದು ಎಲ್‌ಇಡಿಗೆ ಒಂದೇ ಸಮ 9.3 ವ್ಯಾಟ್ ಕೊಡುತ್ತಲೇ ಇರಬೇಕು. ಇನ್‌ಪುಟ್ ವೋಲ್ಟೇಜ್ ಇಳಿದರೆ ಆ ವ್ಯಾಟ್ ಪೂರೈಸಲು ಕರೆಂಟು ಜಾಸ್ತಿ ಎಳೆಯುತ್ತದೆ. ಬ್ಯಾಟರಿ ಆದರೆ ತೊಂದರೆ ಇಲ್ಲ, ಕೊಡುತ್ತದೆ. ಮ್ಯಾಗ್ನೆಟ್ ಕಾಯಿಲ್ ಹಾಗಲ್ಲ. ಜಾಸ್ತಿ ಎಳೆದರೆ ಅದರ ವೋಲ್ಟೇಜ್ ಇನ್ನೂ ಇಳಿಯುತ್ತದೆ. ಇಳಿದಾಗ ಡ್ರೈವರ್ ಇನ್ನೂ ಎಳೆಯುತ್ತದೆ. ಸಾಲ ತೀರಿಸಲು ಸಾಲ ಮಾಡಿದಂತೆ, ಕೊನೆಗೆ ಎಲ್ಲ ಕುಸಿದು ಲೈಟು ಆರುತ್ತದೆ. ಆರಿದ ತಕ್ಷಣ ಭಾರ ಇಲ್ಲದೆ ವೋಲ್ಟೇಜ್ ಮೇಲೆ ಬರುತ್ತದೆ, ಡ್ರೈವರ್ ಮತ್ತೆ ಶುರು, ಮತ್ತೆ ಕುಸಿತ. ನೀವು ಐಡ್ಲಿಂಗ್‌ನಲ್ಲಿ ನೋಡಿದ ಮಿಣುಕಿನಲ್ಲಿ ಇದರ ಪಾಲೂ ಇದ್ದಿರಬಹುದು. ಕೆಪಾಸಿಟರ್ ದೊಡ್ಡದು ಮಾಡಿದರೆ ಇದು ಹೋಗುವುದಿಲ್ಲ, ಮಿಣುಕು ನಿಧಾನವಾಗುತ್ತದೆ ಅಷ್ಟೇ.

ಪರಿಹಾರ ಇದೆ, ಕಷ್ಟದ್ದೂ ಅಲ್ಲ. ಎಲ್‌ಎಂ3409ರಲ್ಲಿ ಕರೆಂಟು ಹೊಂದಿಸುವ ಒಂದು ಪಿನ್ ಇದೆ. ಅದಕ್ಕೆ 1.24 ವೋಲ್ಟ್ ಕೊಟ್ಟರೆ ಪೂರ್ತಿ ಕರೆಂಟು, ಕಡಿಮೆ ಕೊಟ್ಟಷ್ಟೂ ಕಡಿಮೆ ಕರೆಂಟು. ಇನ್‌ಪುಟ್‌ನಿಂದ ಎರಡು ರೆಸಿಸ್ಟರ್‌ನ ಡಿವೈಡರ್ (ವೋಲ್ಟೇಜ್ ಪಾಲು ಮಾಡುವ ಜೋಡಿ) ಮಾಡಿ, ಇನ್‌ಪುಟ್ 9.5 ವೋಲ್ಟ್ ಇದ್ದಾಗ ಆ ಪಿನ್‌ಗೆ 1.24 ಸಿಗುವಂತೆ ಕೊಡಿ. ಅಲೆಯ ಏರಿಳಿತ ಅಲ್ಲಿಗೆ ಹೋಗದಂತೆ ಒಂದು ಸಣ್ಣ ಕೆಪಾಸಿಟರ್ ಸೇರಿಸಿ, ವೋಲ್ಟೇಜ್ ಮಿತಿ ಮೀರದಂತೆ ಒಂದು ಸಣ್ಣ ಜೀನರ್ ಡಯೋಡ್ ಕೂಡ. ಈಗ ಇನ್‌ಪುಟ್ 9.5ಕ್ಕಿಂತ ಕೆಳಗೆ ಇಳಿದರೆ ಡ್ರೈವರ್ ಹಟ ಮಾಡದೆ ಎಲ್‌ಇಡಿಯ ಕರೆಂಟನ್ನೇ ತಗ್ಗಿಸುತ್ತದೆ. ಕಾಯಿಲ್‌ನಿಂದ ಎಳೆಯುವ ಕರೆಂಟು ಏರುವುದು ನಿಲ್ಲುತ್ತದೆ, ಕುಸಿತದ ಸರಪಳಿ ಅಲ್ಲೇ ಕಡಿಯುತ್ತದೆ. ಲೈಟು ಆರುವ ಬದಲು ತುಸು ತಗ್ಗುತ್ತದೆ. ಜೊತೆಗೆ ಅಂಡರ್‌ವೋಲ್ಟೇಜ್ ಪಿನ್ನಿನಲ್ಲಿ 7 ವೋಲ್ಟ್‌ಗೆ ನಿಲ್ಲುವಂತೆ, 8.5ಕ್ಕೆ ಮತ್ತೆ ಶುರುವಾಗುವಂತೆ ಅಂತರ ಇಡಿ. ಅಂಗಡಿಯ ಯಾವ ಬಲ್ಬಿನಲ್ಲೂ ನಾನು ಈ ಏರ್ಪಾಡು ನೋಡಿಲ್ಲ. ನೀವೇ ಸಪ್ಲೈ ಮಾಡಿಕೊಳ್ಳಲು ಇದೊಂದೇ ಕಾರಣ ಸಾಕು.

ಇನ್ನೊಂದು ತುದಿ, ರೆಗ್ಯುಲೇಟರ್ ಕೆಟ್ಟಾಗ ಏನಾಗುತ್ತದೆ ಎಂಬುದು. ಆಗ ಎಂಜಿನ್ ರೇಸ್ ಆದಂತೆಲ್ಲ ಹಳದಿ ತಂತಿಯ ವೋಲ್ಟೇಜ್ ತಡೆಯಿಲ್ಲದೆ ಏರುತ್ತದೆ. ಬ್ರಿಡ್ಜ್ ದಾಟಿದ ಮೇಲೆ 1.5ಕೆಇ33ಎ ಎಂಬ ಸರ್ಜ್ ತಡೆಯುವ ಡಯೋಡ್ ಹಾಕಿ. 33 ವೋಲ್ಟ್ ಹತ್ತಿರ ಅದು ಕರೆಂಟು ಬಿಡಲು ಶುರು ಮಾಡುತ್ತದೆ, ತನ್ನ ಮಿತಿಯೊಳಗಿನ ಹೊಡೆತವನ್ನು 46ರ ಒಳಗೆ ಹಿಡಿದಿಡುತ್ತದೆ. ನಮ್ಮ ಕೆಪಾಸಿಟರ್ 50 ವೋಲ್ಟ್‌ನದು, ಐಸಿ 75ರದು. ಪಿಟಿ4115 ಬಳಸಿದರೆ ಮಾತ್ರ 1.5ಕೆಇ27ಎ ಬೇಕು. ಆದರೆ ಈ ಡಯೋಡ್ ಮಾಡಿದ್ದು ಕ್ಷಣದ ಹೊಡೆತಕ್ಕೆ. ನಿಮಿಷಗಟ್ಟಲೆ ಸುರಿದರೆ ಬಿಸಿಯಾಗಿ ತಾನೇ ಶಾರ್ಟ್ ಆಗುತ್ತದೆ. ಆಗ ಫ್ಯೂಸ್ ಹೋಗಬೇಕು. ಫ್ಯೂಸನ್ನು ಹಳದಿ ತಂತಿಯ ಮೇಲೆ, ಬ್ರಿಡ್ಜ್‌ಗಿಂತ ಮೊದಲೇ ಇಡಿ, 3 ಆಂಪಿಯರ್‌ನದು. ಇರಲಿ ಎಂದು 10 ಅಥವಾ 15 ಆಂಪಿಯರ್ ಹಾಕಿದರೆ ಅದು ಎಂದೂ ಹೋಗುವುದಿಲ್ಲ. ಈ ಕಾಯಿಲ್ ಶಾರ್ಟ್ ಆದರೂ ಅಷ್ಟು ಕರೆಂಟು ಕೊಡಲಾರದು, ತಂತಿ ಮಾತ್ರ ಬಿಸಿಯಾಗುತ್ತಾ ಕೂರುತ್ತದೆ.

ಕೆಲಸ ಶುರು ಮಾಡುವ ಮೊದಲೇ ರೆಗ್ಯುಲೇಟರ್ ಪರೀಕ್ಷೆ ಮಾಡಿ. ಲೈಟು ಹಾಕಿ ಎಂಜಿನ್ನನ್ನು ಚೆನ್ನಾಗಿ ರೇಸ್ ಮಾಡಿದಾಗ ಹಳದಿಗೂ ಬಾಡಿಗೂ ನಡುವೆ ಸುಮಾರು 13 ವೋಲ್ಟ್ ಎಸಿ ಇರಬೇಕು. ಟ್ರೂ ಆರ್‌ಎಂಎಸ್ ಮೀಟರ್ ಇರಲಿ, ಅಗ್ಗದ ಮೀಟರ್ ಈ ಕತ್ತರಿಸಿದ ಅಲೆಯನ್ನು ತಪ್ಪಾಗಿ ತೋರಿಸುತ್ತದೆ. ನಿಮ್ಮ ಟೈಲ್ ಲೈಟಿನ ಬಲ್ಬ್ ಪದೇ ಪದೇ ಹೋಗುತ್ತಿತ್ತೇ? ಹೌದಾದರೆ ರೆಗ್ಯುಲೇಟರ್ ಸೋತಿರುವ ಸಾಧ್ಯತೆ ಹೆಚ್ಚು, ಎರಡು ಎಲ್‌ಇಡಿ ಬಲ್ಬ್ ಸುಟ್ಟಿದ್ದಕ್ಕೂ ಅದೇ ಕಾರಣ ಇರಬಹುದು. ಮೊದಲು ಅದನ್ನು ಬದಲಾಯಿಸಿ. ಸೋತ ರೆಗ್ಯುಲೇಟರ್ ಇಟ್ಟುಕೊಂಡು ಎಂಥ ಡ್ರೈವರ್ ಕಟ್ಟಿದರೂ ವ್ಯರ್ಥ.

ಎಲ್‌ಇಡಿ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಕೆಲವರು ಹೇಳುತ್ತಾರೆ. ಈ ಗಾಡಿಯಲ್ಲಿ ಹಾಗೇನೂ ಇಲ್ಲ. ನಾವು ಬಳಸದೆ ಬಿಟ್ಟ ಕರೆಂಟನ್ನು ರೆಗ್ಯುಲೇಟರ್ ಶಾರ್ಟ್ ಮಾಡಿ ಬಾಡಿಗೆ ತಳ್ಳುತ್ತದೆ. ಅದಕ್ಕೆ ಸ್ವಲ್ಪ ಬಿಸಿ ಜಾಸ್ತಿಯಾಗುತ್ತದೆ. ಅದರ ಅಲ್ಯುಮಿನಿಯಂ ಮೈಗೆ ಮೆತ್ತಿದ ಕೆಸರು ಒರೆಸಿ, ಬೋಲ್ಟ್ ಬಿಗಿ ಇದೆಯೇ ನೋಡಿ. ಅಷ್ಟು ಸಾಕು.

ಈಗ ವೈರಿಂಗ್‌ನಲ್ಲಿ ಬಹಳ ಜನ ಎಡವುವ ಜಾಗ. ಕಾಯಿಲ್‌ನ ಒಂದು ತುದಿ ಬಾಡಿಗೆ ಸೇರಿದೆಯಲ್ಲ? ಬ್ರಿಡ್ಜ್‌ನ ಎಸಿ ಕಾಲುಗಳಲ್ಲಿ ಒಂದಕ್ಕೆ ಹಳದಿ, ಇನ್ನೊಂದಕ್ಕೆ ಬಾಡಿ. ಹಾಗಾದ ಮೇಲೆ ಬ್ರಿಡ್ಜ್‌ನಿಂದ ಬರುವ ಡಿಸಿ ಮೈನಸ್ ಬಾಡಿ ಅಲ್ಲ! ಅದನ್ನು ಬಾಡಿಗೆ ತಾಗಿಸಿದರೆ ಒಂದು ಡಯೋಡ್ ಬೈಪಾಸ್ ಆಗಿ, ಅರ್ಧ ಅಲೆ ಇನ್ನೊಂದು ಡಯೋಡ್ ಮೂಲಕ ನೇರ ಶಾರ್ಟ್ ಆಗುತ್ತದೆ. ಗಾಡಿ ಎಂದಿನಂತೆ ಓಡುತ್ತದೆ, ಬ್ಯಾಟರಿಯೂ ಚಾರ್ಜ್ ಆಗುತ್ತದೆ, ಲೈಟು ಮಾತ್ರ ಮಿಣುಕುತ್ತದೆ, ಡಯೋಡ್ ಕೈಸುಡುವಷ್ಟು ಕಾಯುತ್ತದೆ. ಡಿಸಿ ಪ್ಲಸ್, ಮೈನಸ್ ಎರಡೂ ಬಾಡಿಯಿಂದ ಪೂರ್ತಿ ಬೇರೆ ಇರಬೇಕು. ಎಷ್ಟೋ ಲೈಟ್ ಯೂನಿಟ್‌ಗಳಲ್ಲಿ ಲೋಹದ ಕವಚವೇ ಮೈನಸ್ ಆಗಿರುತ್ತದೆ. ಕ್ಲಾಂಪ್ ಹಾಕಿ ಹ್ಯಾಂಡಲ್‌ಗೆ ಬಿಗಿದ ತಕ್ಷಣ ಶಾರ್ಟ್. ಕೊಳ್ಳುವಾಗಲೇ ಮೀಟರಿನಿಂದ ಕವಚಕ್ಕೂ ಮೈನಸ್‌ಗೂ ಸಂಪರ್ಕ ಇದೆಯೇ ನೋಡಿ. ಇದ್ದರೆ ರಬ್ಬರ್ ಬುಷ್, ನೈಲಾನ್ ವಾಷರ್ ಹಾಕಿ ಬೇರೆ ಮಾಡಬೇಕು.

ಬಾಡಿ ಕಡೆಯ ತಂತಿಯನ್ನೂ ಹ್ಯಾಂಡಲ್‌ನಿಂದ ತೆಗೆದುಕೊಳ್ಳಬೇಡಿ. ಹ್ಯಾಂಡಲ್‌ಗೂ ಫ್ರೇಮಿಗೂ ನಡುವೆ ಇರುವುದು ಗ್ರೀಸ್ ತುಂಬಿದ ಬೇರಿಂಗ್. ವೈರಿಂಗ್‌ನ ಹಸಿರು ತಂತಿಯಿಂದಲೇ ತೆಗೆದುಕೊಳ್ಳಿ.

ಡಿಮ್, ಬ್ರೈಟ್ ಬದಲಾಯಿಸುವುದು ಹೇಗೆ ಎಂದು ಮುಂದಿನ ಪ್ರಶ್ನೆ ಬರುತ್ತದೆ. ಡ್ರೈವರ್‌ಗೂ ಎಲ್‌ಇಡಿಗೂ ನಡುವೆ ಯಾವ ಸ್ವಿಚ್ಚನ್ನೂ ಇಡಬೇಡಿ. ಔಟ್‌ಪುಟ್ ತೆರೆದಾಗ ಅಲ್ಲಿ ವೋಲ್ಟೇಜ್ ಏರಿ ನಿಂತಿರುತ್ತದೆ, ಮತ್ತೆ ಸೇರಿಸಿದ ಕ್ಷಣ ಎಲ್‌ಇಡಿಗೆ ದೊಡ್ಡ ಹೊಡೆತ. ನನ್ನ ಸಲಹೆ, ಒಂದೇ ರೀತಿಯ ಎರಡು ಸಣ್ಣ ಬೋರ್ಡ್ ಮಾಡಿ. ಹಳೆಯ ಹೆಡ್‌ಲೈಟ್ ಕನೆಕ್ಟರ್‌ನ ಡಿಮ್ ತಂತಿ ಒಂದಕ್ಕೆ, ಬ್ರೈಟ್ ತಂತಿ ಇನ್ನೊಂದಕ್ಕೆ. ಒಂದೊಂದಕ್ಕೂ ತನ್ನದೇ ಬ್ರಿಡ್ಜ್, ತನ್ನದೇ ಎಲ್‌ಇಡಿ ಜೋಡಿ, ತನ್ನದೇ ಫ್ಯೂಸ್. ಡಿಪ್ಪರ್ ಸ್ವಿಚ್ ಇದ್ದಂತೆಯೇ ಕೆಲಸ ಮಾಡುತ್ತದೆ. ಖರ್ಚು ಸ್ವಲ್ಪ ಜಾಸ್ತಿ, ನಿಜ. ಆದರೆ ಆಗುಂಬೆ ಕಡೆಯ ಮಳೆಯಲ್ಲಿ, ಕಾಡಿನ ನಡುವೆ ಒಂದು ಬೋರ್ಡ್ ಹೋದರೆ ಇನ್ನೊಂದು ನಿಮ್ಮನ್ನು ಮನೆ ಮುಟ್ಟಿಸುತ್ತದೆ.

ಬಿಸಿ ವಿಷಯದಲ್ಲಿ ಎಲ್‌ಇಡಿ ಮತ್ತು ಹ್ಯಾಲೊಜೆನ್ ಉಲ್ಟಾ. ಹ್ಯಾಲೊಜೆನ್ ತನ್ನ ಬಿಸಿಯ ದೊಡ್ಡ ಪಾಲನ್ನು ಬೆಳಕಿನ ಜೊತೆ ಮುಂದಕ್ಕೆ ಎಸೆಯುತ್ತದೆ. ಎಲ್‌ಇಡಿಯ ಬಿಸಿ ಹಿಂದಕ್ಕೆ, ತನ್ನ ತಳಕ್ಕೇ ಬರುತ್ತದೆ. ಹೆಡ್‌ಲೈಟಿನ ಮುಚ್ಚಿದ ಡೂಮಿನೊಳಗೆ ಫ್ಯಾನ್ ಇಟ್ಟರೂ ಅದೇ ಬಿಸಿ ಗಾಳಿಯನ್ನು ಸುತ್ತಿಸುತ್ತದೆ. 9.3 ವ್ಯಾಟ್‌ನಲ್ಲಿ ಆರೂವರೆ ವ್ಯಾಟ್‌ನಷ್ಟು ಬಿಸಿಯಾಗಿ ಹೋಗುತ್ತದೆ ಎಂದುಕೊಂಡರೆ, ಸುತ್ತಲ ಗಾಳಿ 50 ಡಿಗ್ರಿ, ಎಲ್‌ಇಡಿ ತಳ 85 ದಾಟಬಾರದು ಎಂದರೆ, ಹೀಟ್‌ಸಿಂಕ್ ವ್ಯಾಟ್‌ಗೆ 5 ಡಿಗ್ರಿ ಆಸುಪಾಸಿನದು ಬೇಕು. ಹತ್ತು ಸೆಂಟಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡಿನ ಎರಡೂ ಬದಿಗೆ ಗಾಳಿ ಸಿಕ್ಕಿದರೆ ಸಾಲುತ್ತದೆ. ಗಾಡಿ ಓಡುವಾಗ ಇನ್ನೂ ಒಳ್ಳೆಯದು, ನಿಂತಾಗಲೂ ಸುಡಬಾರದು ಎಂಬುದು ಲೆಕ್ಕ. ತಗಡು ಡೂಮಿನ ಹೊರಗೇ ಇರಲಿ.

ಲೈಟು ಯೂನಿಟ್ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಹ್ಯಾಲೊಜೆನ್‌ಗೆಂದು ಮಾಡಿದ ರಿಫ್ಲೆಕ್ಟರ್‌ನಲ್ಲಿ ಎಲ್‌ಇಡಿ ಬಲ್ಬ್ ತುರುಕಿದರೆ ಬೆಳಕು ಎಲ್ಲೆಂದರಲ್ಲಿ ಚೆಲ್ಲುತ್ತದೆ. ಆ ರಿಫ್ಲೆಕ್ಟರ್‌ನ ಒಂದೊಂದು ಮಡಿಕೆಯೂ ಫಿಲಮೆಂಟ್ ಇರುವ ಜಾಗ ನೋಡಿ ಕೊರೆದಿದ್ದು. ಡಿಮ್‌ಗೂ ಬ್ರೈಟ್‌ಗೂ ಬೇರೆ ಎಲ್‌ಇಡಿ, ಬೇರೆ ಲೆನ್ಸ್ ಇರುವ, ರಸ್ತೆ ಬಳಕೆಗೆ ಅನುಮೋದನೆ ಗುರುತಿರುವ ಯೂನಿಟ್ ತೆಗೆದುಕೊಳ್ಳಿ. ಡಿಮ್‌ನಲ್ಲಿ ಗೋಡೆಯ ಮೇಲೆ ಬೆಳಕಿನ ಮೇಲಂಚು ಗೆರೆ ಎಳೆದಂತೆ ಕಾಣಬೇಕು. ವಾಹನದಲ್ಲಿ ಮಾಡುವ ಬದಲಾವಣೆಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, 2024ರಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಲೈಟುಗಳ ಮೇಲೆ ಕೇಸು ಹಾಕಲು ಶುರು ಮಾಡಿದರು. ದಂಡದ ಭಯಕ್ಕಿಂತ ಹೆಚ್ಚಾಗಿ, ಎದುರಿನಿಂದ ಬರುವವರೂ ನಿಮ್ಮ ಊರಿನವರೇ ಅಲ್ವಾ? ಬಣ್ಣ 4000ರಿಂದ 5000 ಕೆಲ್ವಿನ್ ಒಳಗಿನದು ಆರಿಸಿ. ನೀಲಿ ಹೊಡೆಯುವ 6500 ಕೆಲ್ವಿನ್ ಬೆಳಕು ಮಂಜಿನಲ್ಲಿ ಬಿಳಿ ಪರದೆಯ ಹಾಗೆ ಕಣ್ಣಿಗೇ ವಾಪಸ್ ಬಂದಂತೆ ಅನಿಸುತ್ತದೆ.

ಸಿದ್ಧ ಯೂನಿಟ್ ಒಳಗೆ ಅದರದೇ ಡ್ರೈವರ್ ಇದ್ದರೆ ನೀವು ಇನ್ನೊಂದು ಕಟ್ಟಬೇಕಿಲ್ಲ. ಬ್ರಿಡ್ಜ್, ಕೆಪಾಸಿಟರ್, ಸರ್ಜ್ ಡಯೋಡ್, ಫ್ಯೂಸ್ ಇಷ್ಟು ಮುಂದೆ ಹಾಕಿದರೂ ಮಿಣುಕು ಬಹುಪಾಲು ನಿಲ್ಲುತ್ತದೆ. ಕುಸಿತದ ಸರಪಳಿಗೆ ಮಾತ್ರ ಆಗ ಮದ್ದಿಲ್ಲ, ಆದ್ದರಿಂದ ಡಿಮ್‌ಗೆ 10, 12 ವ್ಯಾಟ್ ದಾಟದ ಯೂನಿಟ್ಟನ್ನೇ ನೋಡಿ.

ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆ ಪರೀಕ್ಷೆ ಮಾಡಿ. 12 ವೋಲ್ಟ್, 3 ಆಂಪಿಯರ್‌ನ ಟ್ರಾನ್ಸ್‌ಫಾರ್ಮರ್ ಸಾಕು. ಮನೆಯ ಕರೆಂಟು 50 ಹರ್ಟ್ಸ್, ಐಡ್ಲಿಂಗ್‌ಗಿಂತಲೂ ನಿಧಾನದ ಅಲೆ. ಆದರೆ ಅದರ ಎರಡೂ ಅರ್ಧ ಸಿಗುವುದರಿಂದ ಕೆಪಾಸಿಟರ್ 10 ಮಿಲಿಸೆಕೆಂಡಿಗೊಮ್ಮೆ ತುಂಬುತ್ತದೆ, ಹಾಗಾಗಿ ಕೆಪಾಸಿಟರ್‌ಗೆ ಇದು ಗಾಡಿಗಿಂತ ಸುಲಭದ ಪರೀಕ್ಷೆ. ಟ್ರಾನ್ಸ್‌ಫಾರ್ಮರ್‌ಗೂ ಬೋರ್ಡಿಗೂ ನಡುವೆ ಹಳೆಯ 35 ವ್ಯಾಟ್ ಹೆಡ್‌ಲೈಟ್ ಬಲ್ಬನ್ನು ಸಾಲಾಗಿ ಜೋಡಿಸಿ. ಬಡ ಕಾಯಿಲ್‌ನ ನಡತೆಯನ್ನು ಅದು ಚೆನ್ನಾಗಿ ತೋರಿಸುತ್ತದೆ, ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಹತ್ತಿ ನಿಮ್ಮ ಡಯೋಡ್ ಉಳಿಸುತ್ತದೆ. ಆ ಬಲ್ಬ್ ಇದ್ದಾಗ ಎಲ್‌ಇಡಿ ತಗ್ಗಬಹುದು, ಆದರೆ ಹತ್ತಿ ಆರಿ ಮಾಡಬಾರದು. ಮಾಡಿದರೆ ಆ ಡಿವೈಡರ್ ಸರಿಯಾಗಿ ಕೂತಿಲ್ಲ.

ನಿಮ್ಮ ಊರಿನ ಮಳೆಗೆ ತಕ್ಕಂತೆ ಬೋರ್ಡನ್ನೂ ಸಜ್ಜು ಮಾಡಿ. ಕೆಪಾಸಿಟರ್ ಮತ್ತು ಇಂಡಕ್ಟರ್‌ಗಳನ್ನು ಬೋರ್ಡಿಗೆ ಸಿಲಿಕಾನ್ ಅಂಟಿನಿಂದ ಕೂರಿಸಿ, ಇಲ್ಲದಿದ್ದರೆ ಅದುರಾಟಕ್ಕೆ ಅವುಗಳ ಕಾಲೇ ಮುರಿಯುತ್ತವೆ. ಹುಳಿ ವಾಸನೆಯ ಸಿಲಿಕಾನ್ ಬೇಡ, ಅದರಿಂದ ಬರುವ ಆಸಿಡ್ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಕೇಳಿ ತೆಗೆದುಕೊಳ್ಳಿ. ಬೋರ್ಡ್ ಮೇಲೆ ವಾರ್ನಿಶ್, ಡಬ್ಬಿಯ ತಂತಿ ಹೊರಬರುವ ಬಾಯಿ ಕೆಳಮುಖ, ಕನೆಕ್ಟರ್ ರಬ್ಬರ್ ಸೀಲ್ ಇರುವುದು. ಹಳೆಯ ವೈರಿಂಗ್ ಕತ್ತರಿಸಬೇಡಿ. ಹಳೆಯ ಬಲ್ಬಿನ ಸಾಕೆಟ್‌ಗೆ ಹೊಂದುವ ಪ್ಲಗ್ ಹಾಕಿಯೇ ಬೋರ್ಡ್ ಸೇರಿಸಿ, ಹಳೆಯ ಹ್ಯಾಲೊಜೆನ್ ಬಲ್ಬ್ ಸೀಟಿನ ಕೆಳಗೆ ಇರಲಿ.

ಮೊದಲ ಹೆಜ್ಜೆಯಾಗಿ ಈ ವಾರ ಎರಡು ಅಳತೆ ತೆಗೆಯಿರಿ: ಹ್ಯಾಲೊಜೆನ್ ಹಾಕಿ ಲೈಟು ಹಚ್ಚಿದಾಗ ಹಳದಿ ತಂತಿಯಲ್ಲಿ ಐಡ್ಲಿಂಗ್‌ಗೆ ಎಷ್ಟು ವೋಲ್ಟ್, ಚೆನ್ನಾಗಿ ರೇಸ್ ಮಾಡಿದಾಗ ಎಷ್ಟು. ಐಡ್ಲಿಂಗ್‌ನಲ್ಲಿ 7 ವೋಲ್ಟ್‌ಗಿಂತ ಕಡಿಮೆ ಬಂದರೆ ಕಾಯಿಲ್ ಅಥವಾ ಅದರ ಕನೆಕ್ಟರ್ ಸೋತಿರಬಹುದು, ಬಿಡಿಭಾಗ ಕೊಳ್ಳುವ ಮೊದಲು ಆ ಎರಡು ಸಂಖ್ಯೆ ನನಗೆ ಬರೆಯಿರಿ. ಡಿವೈಡರ್‌ನ ರೆಸಿಸ್ಟರ್‌ಗಳು ಎಷ್ಟು ಓಮ್‌ನವು ಇರಬೇಕೆಂದು ನಿಮ್ಮ ಗಾಡಿಗೆ ಹೊಂದುವಂತೆ ಲೆಕ್ಕ ಹಾಕಿ ಕೊಡುತ್ತೇನೆ.